ಒಗ್ಗು

ತೋಳು ಚಾಚಿ ಕೂತಿದ್ದಾಳೆ ಯುನಿಸ್ ಪಾರ್ಡಿ.
ಮೊಳಕೈಯಿಂದ ಮಣಿಕಟ್ಟಿನವರೆಗೆ ನಾನು ಬರೆದ ನೀಲಿ ಅಂಕಿ:
ಒಂದು, ಬರೀ ಉಪ್ಪುನೀರು.
ಎರಡು, ಮನೆಯ ಧೂಳು. ಮೂರು, ಬೆಕ್ಕು.
ನಾಲ್ಕು, ಏಡಿ ಬೇಯಿಸಿದ ನೀರು.
ಐದು, ಸಾಕ್ಷಾತ್ ಹಿಸ್ಟಮಿನ್,
ಉಳಿದವುಗಳ ಸುಳ್ಳು ನಿಜ ಅಳೆಯಲು ತಂದ ಸಾಕ್ಷಿ.
ಪ್ರತಿ ಹನಿಯ ನಡುವಿಗೊಂದು ಸೂಜಿಮೊನೆ.
ಇನ್ನು ಹದಿನೈದು ನಿಮಿಷ ಕಾಯಬೇಕು.

ಕಿಟಕಿಯಾಚೆ ನ್ಯೂಫೌಂಡ್‌ಲ್ಯಾಂಡಿನ ಮೇ ತಿಂಗಳು.
ದಡಕ್ಕೆ ಬಂದೂ ಕರಗಲೊಪ್ಪದ ಹಿಮಗಡ್ಡೆ,
ಏಡಿ ಕಾರ್ಖಾನೆಯ ಚಿಮಣಿಯಲ್ಲಿ ಬಿಳಿಯ ಹಬೆ.
ಆ ಹಬೆಯೊಳಗೆ ಇಪ್ಪತ್ತೆರಡು ಬೇಸಿಗೆ
ಇವಳು ಕೆಂಪು ಕಾಲುಗಳ ಮುರಿದು, ತೊಳೆದು, ತೂಗಿ
ಪೆಟ್ಟಿಗೆ ತುಂಬಿದ್ದಾಳೆ.

"ಮೊದಮೊದಲು ಬೆರಳು ನೋವು, ಆಮೇಲೆ ಸೊಂಟ.
ಎಲ್ಲ ಒಗ್ಗಿತು.
ಎಲ್ಲ ಒಗ್ಗಿದ ಮೇಲೆ, ಹೋದ ವರ್ಷ,
ಗಾಳಿ ಒಗ್ಗದಾಯಿತು ನೋಡು."
ಭಾನುವಾರ ಚೆನ್ನಾಗಿರುತ್ತಾಳಂತೆ.
ಸೋಮವಾರ ಊಟದ ಗಂಟೆಗೆ
ಎದೆಯೊಳಗೆ ತುಕ್ಕು ಹಿಡಿದ ತಿರುಗಣಿ ಕಿರುಗುಡುತ್ತದೆ.

ಹೇಳುತ್ತೇನೆ:
ನಿನ್ನ ರಕ್ತಕ್ಕೆ ಓದು ಬರುತ್ತದೆ ಯುನಿಸ್, ಆದರೆ ನಿಧಾನ.
ಇಷ್ಟು ವರ್ಷ ಹಬೆಯಲ್ಲಿ ತೇಲಿ ಬಂದ
ಕಣ್ಣಿಗೆ ಕಾಣದ ಏಡಿಚೂರನ್ನು
ಒಂದು ದಿನ, ಯಾಕೋ, ಹಗೆ ಎಂದು ಓದಿಕೊಂಡಿತು.
ಗದ್ದಲ ಮಾಡಲಿಲ್ಲ.
ಕವೆಗೋಲಿನಂಥ ಪ್ರತಿಕಾಯಗಳನ್ನು ಕೆತ್ತಿ ಕೆತ್ತಿ ಕಳಿಸಿತು.
ಅವು ಚರ್ಮದಲ್ಲಿ, ಮೂಗಿನಲ್ಲಿ, ಶ್ವಾಸದ ಕೊಳವೆಯ ಗೋಡೆಯಲ್ಲಿ
ಮಾಸ್ಟ್ ಕೋಶಗಳ ಮೈಮೇಲೆ ಬುಡ ಊರಿ ನಿಂತವು
ಎರಡೂ ಕವಲು ಮೇಲೆತ್ತಿ.
ಕಾಯದೊಳಗೆ ಪ್ರತಿಕಾಯ, ಅದರ ಕಾಯಕ ಕಾಯುವುದು.

ಒಂದೇ ಕವೆ ಒಂದು ಚೂರನ್ನು ಹಿಡಿದರೆ ಏನೂ ಆಗದು.
ಪಕ್ಕಪಕ್ಕದ ಎರಡು ಕವೆ
ಒಂದೇ ಚೂರಿಗೆ ಕೈ ಹಾಕಬೇಕು,
ಎರಡು ದೋಣಿ ಒಂದೇ ಬಲೆಯ ಎಳೆದ ಹಾಗೆ.
ಆಗ ಕೋಶ ನಡುಗಿ
ಒಳಗೆ ಜೋಪಾನ ಮಾಡಿದ ಗಂಟುಗಳನ್ನೆಲ್ಲ
ಒಂದೇ ಉಸಿರಿಗೆ ಬಿಚ್ಚಿ ಚೆಲ್ಲುತ್ತದೆ:
ಹಿಸ್ಟಮಿನ್.
ರಕ್ತನಾಳದ ಹೊಲಿಗೆ ಸಡಿಲ.
ಮೂಗು ಹೊಳೆ, ಕಣ್ಣು ಕೆಂಡ,
ಗಾಳಿಯ ದಾರಿ ಬಿಗಿದ ಮುಷ್ಟಿ.

"ಇಷ್ಟೊಂದು ಮದ್ದುಗುಂಡು, ಒಂದು ಏಡಿಗೆ?"

ಹೊಟ್ಟೆಯ ಹುಳುಗಳ ವಿರುದ್ಧ ಹುಟ್ಟಿದ ಪಡೆಯಂತೆ ಇದು,
ಬಲ್ಲವರು ಹಾಗೆನ್ನುತ್ತಾರೆ. ಹುಳುಗಳು ಹೋದವು,
ಪಡೆ ಉಳಿಯಿತು.

ಯುನಿಸ್ ನಕ್ಕಳು, ನಗು ಕೆಮ್ಮಾಯಿತು.
"ಕಾಡ್ ಮೀನು ಹಿಡಿಯಬಾರದೆಂದು ಸರಕಾರ ಕಡಲು ಮುಚ್ಚಿದ ವರ್ಷ
ನಮ್ಮಪ್ಪನೂ ಹಾಗೇ.
ಕೆಲಸವಿಲ್ಲದ ಕೈ. ಬೆಳಗೆದ್ದರೆ
ಬೇಲಿಯ ಗೂಟದ ಜೊತೆ ಜಗಳ."

ಗಡಿಯಾರ ಕೂಗಿತು.
ಒಂದು, ಏನಿಲ್ಲ. ಎರಡು, ಮೂರು, ಏನಿಲ್ಲ.
ಐದು, ಸೊಳ್ಳೆ ಕಚ್ಚಿದಷ್ಟು ಉಬ್ಬು, ಇರಬೇಕಾದ್ದೇ.
ನಾಲ್ಕು
ಬೆಳ್ಳಗೆ ಊದಿ, ಸುತ್ತ ಕೆಂಪಾಗಿ,
ಅಂಚಿನಿಂದ ಕಾಲುಗಳು ಹೊರಟಿವೆ
ಆಚೆಗೊಂದು, ಈಚೆಗೆರಡು.
ಅಳತೆಪಟ್ಟಿ ಇಟ್ಟೆ: ಹನ್ನೊಂದು ಮಿಲಿಮೀಟರ್.
ಅಡ್ಡಡ್ಡ ನಡೆಯುವುದೊಂದೇ ಬಾಕಿ.

"ಬರೆಯಬೇಡ," ಅಂದಳು.
"ಇನ್ನು ಇಪ್ಪತ್ತಾರು ದಿನ ದುಡಿದರೆ
ಚಳಿಗಾಲದ ಭತ್ಯೆಗೆ ಗಂಟೆ ಭರ್ತಿಯಾಗುತ್ತದೆ.
ಆಮೇಲೆ ಏನು ಬೇಕಾದರೂ ಬರಿ."

ಇಪ್ಪತ್ತಾರು ದಿನದಲ್ಲಿ ಏನೆಲ್ಲ ಆಗಬಹುದೆಂದು
ಅವಳಿಗೂ ಗೊತ್ತು, ನನಗೂ.
ಒಂದೇ ಹಾಳೆಯ ಮೇಲೆ
ಅವಳ ಕೈ, ನನ್ನ ಕೈ.

"ತುರಿಸಿಕೊಳ್ಳಬೇಡ," ಅಂದೆ.
ತೋಳಿನ ಬಟ್ಟೆ ಇಳಿಸುತ್ತ, ಬೂಟು ಹುಡುಕುತ್ತ
"ಒಗ್ಗುತ್ತೆ ಬಿಡು," ಅಂದಳು.